ಅರ್ಧ ಲೀಟರ್ ಜಾಡಿಯೊಳಗಿನ ದೇಹ: ಎಂಜಿನಿಯರಿಂಗ್ ಅಧ್ಯಾಪಕರಿಗೊಂದು ಬಹಿರಂಗ ಪತ್ರ

ಇಟ್ಟಮಡು, ಬೆಂಗಳೂರು

ದಕ್ಷಿಣ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳ ಕೆಮಿಕಲ್, ಬಯೋಟೆಕ್ನಾಲಜಿ ಮತ್ತು ಮೆಡಿಕಲ್ ಎಲೆಕ್ಟ್ರಾನಿಕ್ಸ್ ವಿಭಾಗಗಳ ಅಧ್ಯಾಪಕ ಮಿತ್ರರಿಗೆ,



ಮುಂದಿನ ಸೆಮಿಸ್ಟರ್‌ನ ಲ್ಯಾಬ್ ಮ್ಯಾನುಯಲ್ ಅಚ್ಚಿಗೆ ಹೋಗುವ ಮೊದಲು ಈ ಪತ್ರ ನಿಮ್ಮ ಕಣ್ಣಿಗೆ ಬೀಳಲಿ ಎಂಬ ಆಸೆಯಿಂದ ಬರೆಯುತ್ತಿದ್ದೇನೆ. ನಾನು ಇಟ್ಟಮಡುವಿನ ನಿವಾಸಿ, ಕೆಮಿಕಲ್ ಎಂಜಿನಿಯರಿಂಗ್ ಕಲಿಸಿ ನಿವೃತ್ತನಾದವನು. ನನ್ನ ಕೋರಿಕೆ ಒಂದೇ. ನುಂಗಿದ ಔಷಧ ದೇಹಕ್ಕೆ ಹೇಗೆ ಸೇರುತ್ತದೆ, ಎಲ್ಲೆಲ್ಲಿ ಹರಡುತ್ತದೆ, ಎಷ್ಟು ಹೊತ್ತಿನಲ್ಲಿ ಹೊರಬೀಳುತ್ತದೆ ಎಂದು ಲೆಕ್ಕ ಹಾಕುವ ಶಾಸ್ತ್ರವಿದೆಯಲ್ಲ, ಫಾರ್ಮಕೊಕೈನೆಟಿಕ್ಸ್, ಅದನ್ನು ನಿಮ್ಮ ವಿದ್ಯಾರ್ಥಿಗಳಿಗೆ ಲ್ಯಾಬ್‌ನಲ್ಲಿ ಕಲಿಸಿ. ಥಿಯರಿಗೆ ಇನ್ನೊಂದು ಯೂನಿಟ್ ಸೇರಿಸಿ ಎಂದು ಕೇಳುತ್ತಿಲ್ಲ. ಆ ಯೂನಿಟ್ಟನ್ನು ಪರೀಕ್ಷೆಯ ಹಿಂದಿನ ರಾತ್ರಿ ಓದುತ್ತಾರೆ, ಪರೀಕ್ಷೆಯ ಮರುದಿನ ಅದು ಮರೆತುಹೋಗುತ್ತದೆ. ಕೈಯಾರೆ ಮಾಡಿದ್ದು ಹಾಗೆ ಮರೆಯುವುದಿಲ್ಲ.

ಇಟ್ಟಮಡುವಿನ ಸುತ್ತ ಕಾಲೇಜುಗಳಿಗೆ ಬರವಿಲ್ಲ. ರಿಂಗ್ ರಸ್ತೆಯಲ್ಲಿ ಪಿಇಎಸ್, ಕುಮಾರಸ್ವಾಮಿ ಬಡಾವಣೆಯ ಗುಡ್ಡದ ಮೇಲೆ ದಯಾನಂದ ಸಾಗರ್, ಬಸವನಗುಡಿಯಲ್ಲಿ 1946ರಿಂದ ಇರುವ ಬಿಎಂಎಸ್, ಮೈಸೂರು ರಸ್ತೆಯಲ್ಲಿ ಆರ್‌ವಿ. ಹಾಗೆಯೇ ನಮ್ಮ ಮುಖ್ಯರಸ್ತೆಯಲ್ಲಿ ಕ್ಲಿನಿಕ್ಕು, ಮೆಡಿಕಲ್ ಸ್ಟೋರು, ರಕ್ತಪರೀಕ್ಷೆಯ ಲ್ಯಾಬು ಒಂದರ ಪಕ್ಕ ಒಂದಿವೆ. ಮನೆಯಲ್ಲಿ ಹಿರಿಯರಿದ್ದರೆ ಶುಗರ್ ಮಾತ್ರೆ, ಬಿಪಿ ಮಾತ್ರೆ, ಥೈರಾಯ್ಡ್ ಮಾತ್ರೆ ಇದ್ದೇ ಇರುತ್ತವೆ. ಆ ಮನೆಯಲ್ಲಿ ಬಿಇ ಓದಿದ ಮಗನೋ ಮಗಳೋ ಇದ್ದರೆ ಮಾತ್ರೆಯ ಉಸ್ತುವಾರಿ ಅವರದು. ಅಂಥ ಹುಡುಗನೊಬ್ಬ ನನ್ನನ್ನು ಕೇಳಿದ: "ಸಾರ್, ಅಮ್ಮ ಬೆಳಿಗ್ಗೆ ಮಾತ್ರೆ ಮರೆತುಬಿಟ್ರು, ರಾತ್ರಿ ಎರಡು ಕೊಡಲಾ?" ಯಾವ ಮಾತ್ರೆ ಎಂದು ನಾನು ಕೇಳಿದೆ. ಯಾವ ಮಾತ್ರೆಯಾದರೆ ಏನು ಎಂಬಂತೆ ನೋಡಿದ. ಅವನು ಡಿಫರೆನ್ಷಿಯಲ್ ಈಕ್ವೇಷನ್ ಬಿಡಿಸಬಲ್ಲವನು. ತನ್ನ ಪ್ರಶ್ನೆಗೆ ಉತ್ತರ ಅದೇ ಸಮೀಕರಣದಲ್ಲಿದೆ ಎಂದು ಅವನಿಗೆ ಯಾರೂ ತೋರಿಸಿರಲಿಲ್ಲ. ಡಾಕ್ಟರನ್ನು ಕೇಳದೆ ಎರಡು ಕೊಡಬೇಡ ಎಂದು ಹೇಳಿ ಕಳಿಸಿದೆ. ಆದರೆ ಏಕೆ ಕೊಡಬಾರದು ಎಂಬುದನ್ನು ಅವನು ಮೂರನೇ ವರ್ಷದಲ್ಲೇ ತನ್ನ ಕೈಯಿಂದ ಬರೆದ ಗ್ರಾಫಿನಲ್ಲಿ ಕಂಡಿರಬಹುದಿತ್ತು.

ಅದಕ್ಕೆ ಬೇಕಾದ ಸಾಮಾನು ನಿಮ್ಮ ಲ್ಯಾಬ್‌ನಲ್ಲಿ ಈಗಾಗಲೇ ಇದೆ. ರಿಯಾಕ್ಷನ್ ಎಂಜಿನಿಯರಿಂಗ್ ಲ್ಯಾಬ್‌ನ ಸಿಎಸ್‌ಟಿಆರ್‌ನಲ್ಲಿ, ಅಂದರೆ ನೀರು ಹರಿಯುತ್ತಿರುವಾಗಲೇ ಕಲಕುವ ತೊಟ್ಟಿಯಲ್ಲಿ, ಟ್ರೇಸರ್ ಬಿಟ್ಟು ರೆಸಿಡೆನ್ಸ್ ಟೈಮ್ ಅಳೆಯುವ ಪ್ರಯೋಗವನ್ನು ಮಾಡಿಸುತ್ತೀರಿ. ಹುಡುಗರು ರೀಡಿಂಗ್ ತೆಗೆಯುತ್ತಾರೆ, ರೆಕಾರ್ಡ್ ಬರೆಯುತ್ತಾರೆ, ಸಹಿ ಬೀಳುತ್ತದೆ. ಆ ತೊಟ್ಟಿಯನ್ನೇ ರಕ್ತವೆಂದೂ ಹೊರಹರಿವನ್ನು ಮೂತ್ರಪಿಂಡವೆಂದೂ ಟ್ರೇಸರನ್ನು ಔಷಧವೆಂದೂ ಇಟ್ಟುಕೊಂಡರೆ ಫಾರ್ಮಕೊಕೈನೆಟಿಕ್ಸ್‌ನ ಮೊದಲ ಪಾಠ ಮುಗಿಯಿತು. ಸಮೀಕರಣದಲ್ಲಿ ಒಂದು ಅಕ್ಷರವೂ ಬದಲಾಗುವುದಿಲ್ಲ.

ನಾನು ಹೇಳುವ ಜೋಡಣೆ ಹೀಗಿದೆ. ಅರ್ಧ ಲೀಟರಿನ ಗಾಜಿನ ಜಾಡಿ, ತುಂಬಿದ ನೀರು ಹೊರಹರಿಯಲು ಪಕ್ಕದಲ್ಲೊಂದು ಮೂತಿ, ಅಡಿಯಲ್ಲಿ ಮ್ಯಾಗ್ನೆಟಿಕ್ ಸ್ಟಿರರ್. ಚಿಕ್ಕ ಪಂಪೊಂದು ನಿಮಿಷಕ್ಕೆ 25 ಮಿ.ಲೀ. ನೀರನ್ನು ಒಳಗೆ ಬಿಡುತ್ತಿರಬೇಕು. ಅಷ್ಟೇ ನೀರು ಮೂತಿಯಿಂದ ಹೊರಗೆ ಹೋಗುತ್ತದೆ. ತಿಂಡಿಗೆ ಹಾಕುವ ಕೆಂಪು ಬಣ್ಣ 10 ಮಿ.ಗ್ರಾಂ. ತೆಗೆದುಕೊಂಡು ಸ್ವಲ್ಪ ನೀರಿನಲ್ಲಿ ಕರಗಿಸಿ ಸಿರಿಂಜಿನಿಂದ ಒಮ್ಮೆಲೇ ಜಾಡಿಗೆ ಬಿಡಿ. ಇದು ರಕ್ತನಾಳಕ್ಕೆ ಕೊಟ್ಟ ಇಂಜೆಕ್ಷನ್. ಐದೈದು ನಿಮಿಷಕ್ಕೆ ಸ್ಯಾಂಪಲ್ ಹಿಡಿದು ಕಲರಿಮೀಟರಿನಲ್ಲಿ ಹಸಿರು ಫಿಲ್ಟರ್ ಹಾಕಿ ಓದಿ. ಸ್ಯಾಂಪಲನ್ನು ಮೂತಿಯಿಂದ ಬೀಳುವ ನೀರಿನಲ್ಲೇ ಹಿಡಿಯಬೇಕು. ಪಿಪೆಟ್ ಹಾಕಿ ಜಾಡಿಯಿಂದ ಎಳೆದರೆ ಒಳಗಿನ ಗಾತ್ರ ಕಡಿಮೆಯಾಗಿ ಲೆಕ್ಕ ಕೆಡುತ್ತದೆ. ಅಂಗಡಿಯ ಬಣ್ಣದಲ್ಲಿ ಉಪ್ಪೂ ಬೆರೆತಿರುವುದರಿಂದ ಮೊದಲೇ ಕ್ಯಾಲಿಬ್ರೇಷನ್ ಗ್ರಾಫ್ ಬರೆದುಕೊಳ್ಳಬೇಕು.

ಲೀಟರಿಗೆ 20 ಮಿ.ಗ್ರಾಂ. ಇದ್ದ ಬಣ್ಣ ಐದು ನಿಮಿಷಕ್ಕೆ 15.6, ಹತ್ತಕ್ಕೆ 12.1, ಹದಿನೈದಕ್ಕೆ 9.4, ಇಪ್ಪತ್ತಕ್ಕೆ 7.4ಕ್ಕೆ ಇಳಿಯುತ್ತದೆ. ಸಾಧಾರಣ ಗ್ರಾಫ್ ಹಾಳೆಯಲ್ಲಿ ಬಾಗಿದ ಗೆರೆ, ಸೆಮಿಲಾಗ್ ಹಾಳೆಯಲ್ಲಿ ನೇರ ಗೆರೆ. ಬಣ್ಣ ಅರ್ಧಕ್ಕೆ ಇಳಿಯುವ ಅವಧಿ, ಅಂದರೆ ಅರ್ಧಾಯು, ಸುಮಾರು 14 ನಿಮಿಷ. ಗೆರೆಯನ್ನು ಬಣ್ಣ ಮುಗಿಯುವವರೆಗೆ ಮುಂದುವರಿಸಿದರೆ ಗ್ರಾಫಿನ ಕೆಳಗಿನ ವಿಸ್ತೀರ್ಣ 400 ಬರುತ್ತದೆ. ಕೊಟ್ಟ ಡೋಸನ್ನು ಅದರಿಂದ ಭಾಗಿಸಿದರೆ ನಿಮಿಷಕ್ಕೆ 25 ಮಿ.ಲೀ., ಅಂದರೆ ಪಂಪಿನ ವೇಗ. ವೈದ್ಯಶಾಸ್ತ್ರದಲ್ಲಿ ಕ್ಲಿಯರೆನ್ಸ್ ಎನ್ನುವುದು ಇದನ್ನೇ. ಪಂಪಿನ ವೇಗ ಎಷ್ಟೆಂದು ಹುಡುಗರಿಗೆ ಮೊದಲೇ ಹೇಳಬೇಡಿ. ಬರೀ ಬಣ್ಣ ನೋಡಿ ಅವರೇ ಕಂಡುಹಿಡಿಯಲಿ, ಆಮೇಲೆ ಅಳೆಯುವ ಜಾಡಿ ಹಿಡಿದು ತಾಳೆ ನೋಡಲಿ. ರಕ್ತದ ನಾಲ್ಕಾರು ಸ್ಯಾಂಪಲ್‌ಗಳಿಂದ ಒಳಗಿನ ಅಂಗಗಳ ಕೆಲಸವನ್ನು ಹೊರಗಿನಿಂದಲೇ ಹೇಳುವುದು ಹೇಗೆ ಸಾಧ್ಯ ಎಂಬುದು ಆ ಕ್ಷಣ ಅರ್ಥವಾಗುತ್ತದೆ.

ಈ ಜಾಡಿಯ ಮುಂದೆ 100 ಮಿ.ಲೀ.ನ ಪುಟ್ಟ ಜಾಡಿಯೊಂದನ್ನಿಟ್ಟು, ನೀರು ಮೊದಲು ಅದರ ಮೂಲಕ ಹಾದುಬರುವಂತೆ ಮಾಡಿ ಬಣ್ಣವನ್ನು ಅಲ್ಲಿ ಹಾಕಿದರೆ ಅದು ಬಾಯಿಂದ ನುಂಗಿದ ಮಾತ್ರೆ. ದೊಡ್ಡ ಜಾಡಿಯಲ್ಲಿ ಬಣ್ಣ ನಿಧಾನಕ್ಕೆ ಏರಿ, ಎಂಟನೇ ನಿಮಿಷದ ಹೊತ್ತಿಗೆ 13.4ರ ಶಿಖರ ಮುಟ್ಟಿ, ಇಳಿಯುತ್ತದೆ. ಗ್ರಾಫಿನ ಕೆಳಗಿನ ವಿಸ್ತೀರ್ಣ ಮಾತ್ರ ಅದೇ 400.

ನನ್ನ ಮಟ್ಟಿಗೆ ಇಡೀ ಪ್ರಯೋಗದ ಜೀವಾಳ ಇದಾದ ಮೇಲೆ ಬರುತ್ತದೆ. ಒಂದು ಡೋಸಿಗೆ ನಿಲ್ಲಿಸದೆ, 14 ನಿಮಿಷಕ್ಕೊಮ್ಮೆ ಅಷ್ಟಷ್ಟೇ ಬಣ್ಣ ಹಾಕುತ್ತಾ ಹೋಗಿ. ಪ್ರತಿ ಡೋಸ್ ಬಿದ್ದ ಕೂಡಲೇ ಓದಿದರೆ 20, 30, 35, 37.5 ಎಂದು ಏರುತ್ತಾ 40ರ ಹತ್ತಿರ ನಿಂತುಬಿಡುತ್ತದೆ. ಒಂದು ಅರ್ಧಾಯುವಿನಲ್ಲಿ ಹೊರಗೆ ಹೋಗುವುದೂ ಹೊಸದಾಗಿ ಬರುವುದೂ ಸರಿಸಮವಾದ ಸ್ಥಿತಿ ಅದು. ಅದಕ್ಕೆ ನಾಲ್ಕೈದು ಅರ್ಧಾಯು ಬೇಕು, ಡೋಸ್ ದೊಡ್ಡದಿರಲಿ ಚಿಕ್ಕದಿರಲಿ. ಥೈರಾಯ್ಡ್ ಮಾತ್ರೆಯ ಅರ್ಧಾಯು ಸುಮಾರು ಒಂದು ವಾರ. ಡೋಸ್ ಬದಲಿಸಿದ ಡಾಕ್ಟರು "ಆರು ವಾರ ಬಿಟ್ಟು ಟಿಎಸ್‌ಎಚ್ ಮಾಡಿಸಿಕೊಂಡು ಬನ್ನಿ" ಎನ್ನುವುದರ ಹಿಂದೆ ಈ ಲೆಕ್ಕವಿದೆ. ಹತ್ತೇ ದಿನಕ್ಕೆ ರಕ್ತ ಕೊಟ್ಟು, ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದು ಗಾಬರಿಬೀಳುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ಅಮಾಕ್ಸಿಸಿಲಿನ್‌ನ ಅರ್ಧಾಯು ಒಂದು ಗಂಟೆಯ ಆಸುಪಾಸು, ಅದಕ್ಕೇ ದಿನಕ್ಕೆ ಮೂರು ಸಲ.

ಈಗ ಒಂದು ಡೋಸ್ ತಪ್ಪಿಸಿ. ಮುಂದಿನ ಹೊತ್ತಿಗೆ ಬಣ್ಣ 10ಕ್ಕೆ ಇಳಿದಿರುತ್ತದೆ. ಆಗ ಒಂದೇ ಡೋಸ್ ಹಾಕಿದರೆ 30. ಬಿಟ್ಟದ್ದನ್ನೂ ಸೇರಿಸಿ ಎರಡು ಹಾಕಿದರೆ 50, ಎಂದೂ ಮುಟ್ಟದ ಎತ್ತರ. ಗುಣ ಕೊಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ಅಂತರ ಹೆಚ್ಚಿರುವ ಔಷಧದಲ್ಲಿ ಇದು ನಡೆದೀತು, ಹೃದಯದ ಔಷಧ ಡಿಗಾಕ್ಸಿನ್‌ನಂಥದರಲ್ಲಿ ನಡೆಯುವುದಿಲ್ಲ. ಅಮ್ಮನಿಗೆ ಎರಡು ಕೊಡಲಾ ಎಂದು ಕೇಳಿದ ಹುಡುಗನ ಮುಂದೆ ನಾನು ಇಡಬೇಕೆಂದಿದ್ದ ಗ್ರಾಫ್ ಇದು.

ಕೊನೆಗೆ ಪಂಪಿನ ವೇಗವನ್ನು ಅರ್ಧಕ್ಕೆ ಇಳಿಸಿ, ಡೋಸನ್ನೂ ಅದರ ಅಂತರವನ್ನೂ ಹಾಗೆಯೇ ಇಡಿ. ಅರ್ಧಾಯು 28 ನಿಮಿಷವಾಗುತ್ತದೆ, ಬಣ್ಣ 40ಕ್ಕೆ ನಿಲ್ಲದೆ 68ರವರೆಗೆ ಏರುತ್ತದೆ. ಜಾಡಿ ಕಡುಕೆಂಪಾಗುವುದನ್ನು ಹುಡುಗರು ಕಣ್ಣಾರೆ ನೋಡಲಿ. ಇದು ಸೊರಗಿದ ಮೂತ್ರಪಿಂಡ. ಸ್ವಸ್ಥ ವಯಸ್ಕರ ಮೂತ್ರಪಿಂಡಗಳು ನಿಮಿಷಕ್ಕೆ ಸುಮಾರು 120 ಮಿ.ಲೀ. ಸೋಸುತ್ತವೆ. ವಯಸ್ಸಾದಂತೆ, ಶುಗರ್ ಹಳೆಯದಾದಂತೆ ಅದು ಇಳಿಯುತ್ತದೆ. ಹಿರಿಯರ ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಇಜಿಎಫ್‌ಆರ್ ಎಂಬ ಸಾಲು ಹೇಳುವುದು ಅದನ್ನೇ. ಶುಗರಿಗೆ ಕೊಡುವ ಮೆಟ್‌ಫಾರ್ಮಿನ್ ದೇಹದಲ್ಲಿ ಬದಲಾಗದೆ ಬಹುಪಾಲು ಮೂತ್ರಪಿಂಡದ ಮೂಲಕವೇ ಹೊರಬೀಳುವ ಔಷಧ. ಇಜಿಎಫ್‌ಆರ್ ಅಂಕಿ 30ಕ್ಕಿಂತ ಕೆಳಗೆ ಬಂದರೆ ಈ ಔಷಧ ಕೊಡಬಾರದು. ತನ್ನ ತಾತನ ರಿಪೋರ್ಟಿನಲ್ಲಿ ಆ ಸಾಲನ್ನು ಹುಡುಕಿ ನೋಡುವ ಒಬ್ಬ ವಿದ್ಯಾರ್ಥಿ ಒಂದು ಬ್ಯಾಚಿನಿಂದ ಬಂದರೂ ಈ ಪ್ರಯೋಗದ ಖರ್ಚು ವಸೂಲಾದಂತೆ.

ಇನ್ನೊಂದು ಚಿಕ್ಕ ಪ್ರಯೋಗವಿದೆ, ಅದು ನನಗೆ ಬಹಳ ಇಷ್ಟ. ಪಂಪ್ ನಿಲ್ಲಿಸಿದ ಜಾಡಿಯಲ್ಲಿ 10 ಮಿ.ಗ್ರಾಂ. ಬಣ್ಣ ಹಾಕಿ, ಆಕ್ಟಿವೇಟೆಡ್ ಚಾರ್ಕೋಲ್ ಸ್ವಲ್ಪ ಉದುರಿಸಿ, ಕಲಕಿ, ಸೋಸಿ ಓದಿ. ಬಣ್ಣ ಇದ್ದಿಲಿಗೆ ಅಂಟಿಕೊಂಡಿರುತ್ತದೆ. ನೀರಿನಲ್ಲಿ ಲೀಟರಿಗೆ 2 ಮಿ.ಗ್ರಾಂ. ಮಾತ್ರ ಉಳಿದಿದ್ದರೆ ಜಾಡಿಯ ಗಾತ್ರ ಲೆಕ್ಕದಲ್ಲಿ ಐದು ಲೀಟರ್ ಎಂದು ಬರುತ್ತದೆ. ಅರ್ಧ ಲೀಟರ್ ಜಾಡಿಯಲ್ಲಿ ಐದು ಲೀಟರ್ ಹೇಗೆ ಎಂದು ಹುಡುಗರು ಜಗಳಕ್ಕೆ ಬೀಳುತ್ತಾರೆ, ಬೀಳಲಿ. 70 ಕಿಲೋ ತೂಗುವ ಮನುಷ್ಯನಲ್ಲಿ ಡಿಗಾಕ್ಸಿನ್ ಹರಡುವ ಗಾತ್ರವನ್ನು ಹೀಗೆ ಲೆಕ್ಕ ಹಾಕಿದರೆ ಸುಮಾರು 500 ಲೀಟರ್ ಬರುತ್ತದೆ. ಔಷಧ ರಕ್ತದಲ್ಲಿ ನಿಲ್ಲದೆ ಸ್ನಾಯುಗಳಿಗೆ ಹೋಗಿ ಅಂಟಿಕೊಳ್ಳುವುದೇ ಕಾರಣ.

ಇಷ್ಟು ದೇಹದ ಮಾತಾಯಿತು. ಮಾತ್ರೆಯೂ ಎಂಜಿನಿಯರಿಂಗ್ ವಸ್ತುವೇ. "ಎಸ್‌ಆರ್" (ಸಸ್ಟೇನ್ಡ್ ರಿಲೀಸ್, ನಿಧಾನ ಬಿಡುಗಡೆ) ಎಂದು ಬರೆದ ಮೆಟ್‌ಫಾರ್ಮಿನ್ ಮಾತ್ರೆಯನ್ನು ನುಂಗಲು ಕಷ್ಟವೆಂದು ಪುಡಿಮಾಡಿ ಕೊಡುವ ಮನೆಗಳಿವೆ. 37 ಡಿಗ್ರಿಯ ನೀರಿನಲ್ಲಿ ಒಂದು ಇಡೀ ಮಾತ್ರೆ, ಇನ್ನೊಂದರಲ್ಲಿ ಪುಡಿಮಾಡಿದ್ದು, ಎರಡನ್ನೂ ಒಂದೇ ವೇಗದಲ್ಲಿ ಕಲಕುತ್ತಾ ಸ್ಪೆಕ್ಟ್ರೊಫೋಟೊಮೀಟರಿನಲ್ಲಿ ಓದಿಸಿ. ಗಂಟೆಗಟ್ಟಲೆ ಹನಿಹನಿಯಾಗಿ ಬಿಡುಗಡೆಯಾಗಬೇಕಾದದ್ದು ಪುಡಿಯಿಂದ ಕೆಲವೇ ನಿಮಿಷಗಳಲ್ಲಿ ಹೊರಬಂದಿರುತ್ತದೆ. ಕರಗುವಿಕೆಯ ವೇಗದ ನಿಯಮವನ್ನು 1897ರಲ್ಲಿ ಬರೆದವರು ಅಮೆರಿಕದ ಎಂಐಟಿಯ ಆರ್ಥರ್ ನೋಯೆಸ್ ಮತ್ತು ವಿಲ್ಲಿಸ್ ವಿಟ್ನಿ. ವಿಟ್ನಿ ಮುಂದೆ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸಂಶೋಧನಾಲಯವನ್ನು ಕಟ್ಟಿದ ವ್ಯಕ್ತಿ. ನಿಮ್ಮ ಮಾಸ್ ಟ್ರಾನ್ಸ್‌ಫರ್ ಪಾಠದ ಪ್ರೇರಕ ಬಲ, ಗಡಿಪದರ ಎಲ್ಲವೂ ಆ ಒಂದು ಮಾತ್ರೆಯ ಸುತ್ತ ಇವೆ.

ಮಾತ್ರೆ ತಯಾರಿಸುವವರ ಒಂದು ಚಿಕ್ಕ ಬದಲಾವಣೆ ಏನು ಮಾಡಬಲ್ಲದು ಎಂಬುದಕ್ಕೆ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನ ಉದಾಹರಣೆಯನ್ನು ತರಗತಿಯಲ್ಲಿ ಹೇಳಲೇಬೇಕು. 1968ರ ಸುಮಾರಿಗೆ ಆ ಊರಿನಲ್ಲಿ ಮೂರ್ಛೆರೋಗಕ್ಕೆ ಫೆನಿಟೋಯಿನ್ ತೆಗೆದುಕೊಳ್ಳುತ್ತಿದ್ದವರಿಗೆ ಇದ್ದಕ್ಕಿದ್ದಂತೆ ತಲೆತಿರುಗು, ತೂರಾಟ ಶುರುವಾಯಿತು. ಡೋಸ್ ಅದೇ, ಔಷಧವೂ ಅದೇ. ಬದಲಾಗಿದ್ದು ಕ್ಯಾಪ್ಸೂಲಿನೊಳಗೆ ತುಂಬಲು ಬಳಸುವ ಪುಡಿ: ಕ್ಯಾಲ್ಸಿಯಂ ಸಲ್ಫೇಟ್ ಬದಲು ಲ್ಯಾಕ್ಟೋಸ್ ಹಾಕಿದ್ದರು. ಔಷಧ ಹೆಚ್ಚಾಗಿ ರಕ್ತಕ್ಕೆ ಸೇರಿತು. ಫೆನಿಟೋಯಿನ್ ವಿಷಯದಲ್ಲಿ ಇನ್ನೊಂದು ತೊಡಕಿದೆ: ಅದನ್ನು ಒಡೆಯುವ ಯಕೃತ್ತಿನ ಎಂಜೈಮಿಗೆ ಒಂದು ಮಿತಿ ಇದೆ. ಮಿತಿಯ ಹತ್ತಿರ ಬಂದಾಗ ಡೋಸ್ ಸ್ವಲ್ಪ ಏರಿದರೂ ರಕ್ತದ ಮಟ್ಟ ಜಿಗಿಯುತ್ತದೆ. ಬಯೋಟೆಕ್ ವಿಭಾಗದವರು ಎಂಜೈಮ್ ಲ್ಯಾಬ್‌ನಲ್ಲಿ ಮೈಕೇಲಿಸ್–ಮೆಂಟನ್ ಗ್ರಾಫ್ ಬರೆಸುವಾಗ ಈ ರೋಗಿಗಳ ಮಾತನ್ನೂ ಎತ್ತಬೇಕೆಂದು ವಿನಂತಿ.

ಜನೌಷಧಿ ಕೇಂದ್ರದ ಮುಂದೆ ನಿಂತು "ಇದೂ ಅದೇ ಔಷಧಾನಾ?" ಎಂದು ಕೇಳುವ ಜನರ ಅನುಮಾನಕ್ಕೂ ಉತ್ತರ ಇದೇ ಗ್ರಾಫಿನಲ್ಲಿದೆ. ಎರಡು ಕಂಪನಿಗಳ ಮಾತ್ರೆ ಸರಿಸಮ ಎಂದು ತೀರ್ಮಾನಿಸುವಾಗ ರಕ್ತದಲ್ಲಿನ ಶಿಖರವನ್ನೂ ಗ್ರಾಫಿನ ಕೆಳಗಿನ ವಿಸ್ತೀರ್ಣವನ್ನೂ ಹೋಲಿಸುತ್ತಾರೆ. ಆ ಅನುಪಾತದ ಶೇಕಡಾ 90ರ ವಿಶ್ವಾಸಾಂತರ (ಕಾನ್ಫಿಡೆನ್ಸ್ ಇಂಟರ್ವಲ್) ಪೂರ್ತಿಯಾಗಿ ಶೇಕಡಾ 80ರಿಂದ 125ರ ಒಳಗೆ ಬರಬೇಕು. ಸರಿಯಾಗಿ ಕರಗದ ಔಷಧಗಳ ವರ್ಗಕ್ಕೆ ಈ ಪರೀಕ್ಷೆಯನ್ನು ಭಾರತ ಸರ್ಕಾರ 2017ರ ಏಪ್ರಿಲ್‌ನಲ್ಲಿ ಕಡ್ಡಾಯ ಮಾಡಿತು. "ಜೆನೆರಿಕ್‌ನಲ್ಲಿ ಶೇಕಡಾ 20ರಷ್ಟು ಔಷಧ ಕಡಿಮೆ ಹಾಕಿರುತ್ತಾರೆ" ಎಂದು ಓದಿದವರೂ ಹೇಳುವುದನ್ನು ಕೇಳಿದ್ದೇನೆ. ವಿಶ್ವಾಸಾಂತರ ಎಂದರೇನೆಂದು ಗಣಿತದಲ್ಲಿ ಕಲಿತ ಎಂಜಿನಿಯರ್ ಈ ಮಾತನ್ನು ನಿಲ್ಲಿಸಬಲ್ಲ, ಅದನ್ನು ಒಂದು ಸಲ ನಿಜವಾದ ಅಂಕಿಗಳ ಮೇಲೆ ಮಾಡಿದ್ದರೆ.

ಇದು ಫಾರ್ಮಸಿಯವರ ಕೆಲಸ, ನಮಗೇಕೆ ಎನ್ನುವವರು ನಿಮ್ಮಲ್ಲಿ ಇರುತ್ತಾರೆ. ದೇಹವನ್ನು ಕೊಠಡಿಗಳಾಗಿ ಭಾಗಿಸಿ ಲೆಕ್ಕ ಹಾಕುವ ದಾರಿಯನ್ನು 1937ರಲ್ಲಿ ತೆರೆದವರು ಸ್ವೀಡನ್ನಿನ ಶರೀರಶಾಸ್ತ್ರಜ್ಞ ಟಾರ್ಸ್ಟನ್ ಟಿಯೊರೆಲ್. ಆದರೆ ಅದನ್ನು ನಿಜವಾದ ಅಂಗಗಳ ಗಾತ್ರ, ರಕ್ತದ ಹರಿವುಗಳೊಂದಿಗೆ ಜೋಡಿಸಿ ಬೆಳೆಸಿದವರಲ್ಲಿ ಕೆನೆತ್ ಬಿಷಫ್ ಮತ್ತು ರಾಬರ್ಟ್ ಡೆಡ್ರಿಕ್ ಮುಖ್ಯರು, ಇಬ್ಬರೂ ಕೆಮಿಕಲ್ ಎಂಜಿನಿಯರುಗಳು. ಅರಿವಳಿಕೆಯ ಥಯೋಪೆಂಟಾಲ್ ಕುರಿತ ಅವರ ಲೇಖನ ಬಂದದ್ದು 1968ರಲ್ಲಿ. ಆ ಔಷಧದ ಒಂದು ಇಂಜೆಕ್ಷನ್‌ನಿಂದ ಮಲಗಿದ ರೋಗಿ ಕೆಲವೇ ನಿಮಿಷಗಳಲ್ಲಿ ಏಳುತ್ತಾನೆ. ಔಷಧ ದೇಹದಿಂದ ಹೋಗಿದೆ ಎಂದಲ್ಲ, ಮಿದುಳಿನಿಂದ ಸ್ನಾಯುಗಳಿಗೂ ನಿಧಾನಕ್ಕೆ ಕೊಬ್ಬಿಗೂ ಸರಿದಿದೆ ಎಂದು. ಎರಡು ಜಾಡಿಗಳ ನಡುವೆ ಹೋಗಿಬರುವ ಎರಡು ನಳಿಗೆ ಹಾಕಿದರೆ ಇದನ್ನೂ ತೋರಿಸಬಹುದು. ಅಮೆರಿಕದ ನ್ಯೂಜೆರ್ಸಿಯ ರೋವನ್ ವಿಶ್ವವಿದ್ಯಾಲಯದಲ್ಲಿ ಸ್ಟೆಫನಿ ಫ್ಯಾರೆಲ್, ರಾಬರ್ಟ್ ಹೆಸ್ಕೆತ್ ಮತ್ತು ಅವರ ಸಹೋದ್ಯೋಗಿಗಳು ಕೆಮಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಔಷಧ ಬಿಡುಗಡೆಯ ಪ್ರಯೋಗಗಳನ್ನು ರೂಪಿಸಿ ಇಪ್ಪತ್ತು ವರ್ಷದ ಮೇಲಾಯಿತು. 1978ರಲ್ಲಿ ಬಯೋಕಾನ್ ಹುಟ್ಟಿದ ಊರು ನಮ್ಮದು, ಪೀಣ್ಯದಲ್ಲಿ ಕರ್ನಾಟಕ ಆಂಟಿಬಯಾಟಿಕ್ಸ್ ಇದೆ. ನಮ್ಮ ವಿದ್ಯಾರ್ಥಿಗಳು ಈ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ತಯಾರಾದದ್ದು ಮನುಷ್ಯನೊಳಗೆ ಹೋದ ಮೇಲೆ ಏನಾಗುತ್ತದೆ ಎಂಬುದನ್ನು ತಿಳಿಯದೆ ಹೋಗುವುದು ತಪ್ಪು.

ಫಾರ್ಮಸಿಯವರ ಸಹಾಯ ಬೇಡವೆಂದು ನಾನು ಹೇಳುತ್ತಿಲ್ಲ, ಬೇಕೇ ಬೇಕು. ದಯಾನಂದ ಸಾಗರ್‌ನಲ್ಲಿ ಎಂಜಿನಿಯರಿಂಗೂ ಫಾರ್ಮಸಿಯೂ ಒಂದೇ ಗುಡ್ಡದ ಮೇಲಿವೆ. ಪಿಇಎಸ್‌ನ ಫಾರ್ಮಸಿ ಕಾಲೇಜು ಹನುಮಂತನಗರದಲ್ಲಿದೆ. ಡಿಸಲ್ಯೂಷನ್ ಯಂತ್ರ ಅವರಲ್ಲಿ ಇರುತ್ತದೆ, ಪಂಪು ರಿಯಾಕ್ಟರು ನಿಮ್ಮಲ್ಲಿ. ಎರಡೂ ಕಡೆಯ ವಿದ್ಯಾರ್ಥಿಗಳನ್ನು ಒಂದು ಮಧ್ಯಾಹ್ನ ಒಂದೇ ಮೇಜಿಗೆ ಕೂರಿಸಿ.

ಮೂರು ವಿಷಯಗಳಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಪ್ರಯೋಗದ ನೆಪದಲ್ಲಿ ಯಾವ ವಿದ್ಯಾರ್ಥಿಗೂ ಮಾತ್ರೆ ನುಂಗಿಸಬೇಡಿ, ಪ್ಯಾರಸಿಟಮಾಲ್ ಕೂಡ. ಮನುಷ್ಯರ ಮೇಲಿನ ಪ್ರಯೋಗಕ್ಕೆ ಎಥಿಕ್ಸ್ ಕಮಿಟಿ ಇದೆ, ಅದರದೇ ನಿಯಮಗಳಿವೆ, ಜಾಡಿ ಸಾಕು. ಜಾಡಿ ದೇಹವಲ್ಲ ಎಂಬುದನ್ನೂ ಸ್ಪಷ್ಟವಾಗಿ ಹೇಳಿ. ಈ ಲ್ಯಾಬ್ ಮುಗಿಸಿದವನು ಡೋಸ್ ತೀರ್ಮಾನಿಸುವ ಅಧಿಕಾರ ಪಡೆದವನಲ್ಲ, ಡಾಕ್ಟರಿಗೆ ಸರಿಯಾದ ಪ್ರಶ್ನೆ ಕೇಳಬಲ್ಲವನು.

ಮೂರನೆಯದು, ಉಳಿದ ಔಷಧದ ದ್ರಾವಣವನ್ನು ಸಿಂಕಿಗೆ ಚೆಲ್ಲಬೇಡಿ. ಈ ಭಾಗದ ಚರಂಡಿಗಳ ನೀರು ಕೊನೆಗೆ ಸೇರುವುದು ವೃಷಭಾವತಿ ಕಣಿವೆಗೆ. ಆ ಹೊಳೆಗೆ ನಾವು ಮಾಡಿದ್ದು ಸಾಕು. ಮೆಟ್‌ಫಾರ್ಮಿನ್ ದೇಹದಿಂದ ಬದಲಾಗದೆ ಹೊರಬರುವ ಕಾರಣಕ್ಕೇ ಪ್ರಪಂಚದ ಅನೇಕ ನಗರಗಳ ಕೊಳಚೆ ನೀರಿನಲ್ಲಿ ಸಿಗುತ್ತದೆ. ಒಂದು ದೇಹದ ಕ್ಲಿಯರೆನ್ಸ್ ಮುಗಿದ ಕಡೆ ಊರಿನ ಲೆಕ್ಕ ಶುರುವಾಗುತ್ತದೆ. ಎನ್ವಿರಾನ್‌ಮೆಂಟಲ್ ಲ್ಯಾಬ್‌ನವರು ಬಯಸಿದರೆ ಚಾರ್ಕೋಲ್ ಪ್ರಯೋಗವನ್ನು ಅಲ್ಲಿಂದ ಮುಂದುವರಿಸಬಹುದು: ಎಷ್ಟು ಇದ್ದಿಲು ಹಾಕಿದರೆ ಆ ದ್ರಾವಣ ಹೊರಬಿಡಬಹುದಾದ ಮಟ್ಟಕ್ಕೆ ಬರುತ್ತದೆ ಎಂದು.

ಸಿಲಬಸ್‌ನಲ್ಲಿ ಜಾಗವಿಲ್ಲ ಎಂಬ ಮಾತನ್ನು ನಾನೂ ಸಭೆಗಳಲ್ಲಿ ಕೇಳಿದ್ದೇನೆ. ಜಾಗ ಬೇಡ. ಇರುವ ಸಿಎಸ್‌ಟಿಆರ್ ಪ್ರಯೋಗದ ಶೀರ್ಷಿಕೆಯ ಕೆಳಗೆ ಎರಡು ಪುಟ ಸೇರಿಸಿ, ಟ್ರೇಸರ್ ಒಂದು ಸಲ ಬಿಡುವ ಬದಲು ಆರು ಸಲ ಬಿಡಿಸಿ. ಒಂದು ಬ್ಯಾಚಿಗೆ ಪೂರ್ಣ ವೇಗ, ಇನ್ನೊಂದು ಬ್ಯಾಚಿಗೆ ಅರ್ಧ ವೇಗ ಕೊಟ್ಟು, ಕೊನೆಗೆ ಎರಡೂ ಗ್ರಾಫ್‌ಗಳನ್ನು ಅಕ್ಕಪಕ್ಕ ಅಂಟಿಸಿ. ಸೂಚನೆಗಳನ್ನು ಕನ್ನಡದಲ್ಲೂ ಬರೆಯಿಸಿ. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿ ಇದನ್ನು ಮನೆಯಲ್ಲಿ ತಾಯಿಗೆ ವಿವರಿಸಬೇಕಾದಾಗ ಆ ಮಾತುಗಳು ಅವನ ಬಾಯಲ್ಲಿ ಸಿದ್ಧವಿರುತ್ತವೆ. ವೈವಾದಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ: ಡೋಸ್ ತಪ್ಪಿದರೆ ಎರಡು ಕೊಡಬಹುದೇ, ಏಕೆ?

ಸ್ವಾಯತ್ತ ಕಾಲೇಜುಗಳವರು ಇದನ್ನು ಮುಂದಿನ ಬೋರ್ಡ್ ಆಫ್ ಸ್ಟಡೀಸ್ ಸಭೆಯಲ್ಲಿ ಇಡಿ. ವಿಟಿಯು ಸಿಲಬಸ್ಸಿನಲ್ಲಿರುವವರು ಹೆಚ್ಚುವರಿ ಪ್ರಯೋಗವಾಗಿ ಮಾಡಿಸಿ. ಜಾಡಿ ಜೋಡಿಸುವ ದಿನ ಯಾವ ಕಾಲೇಜಿನವರು ಕರೆದರೂ ಇಟ್ಟಮಡುವಿನಿಂದ ಬಂದು, ಹುಡುಗರ ಜೊತೆ ನಿಂತು ಮೊದಲ ರೀಡಿಂಗ್ ತೆಗೆಯಲು ನಾನು ಸಿದ್ಧ.

ಇಂತಿ ನಿಮ್ಮ ವಿಶ್ವಾಸಿ,
ಇಟ್ಟಮಡುವಿನ ಒಬ್ಬ ನಿವೃತ್ತ ಅಧ್ಯಾಪಕ